ವೈಲ್ಡ್‌ವುಡ್ ಟ್ಯಾರೋ: ಹಳೇ ಅರ್ಥ ಒಂದು ಹೇಳುತ್ತೆ, ಈ ಡೆಕ್ ಇನ್ನೊಂದು ಹೇಳುತ್ತೆ. ನೀವು ಹೇಗೆ ಓದುತ್ತೀರಿ?

ಕಾಜಾಣ:
ಎಲ್ಲರಿಗೂ ನಮಸ್ಕಾರ. ನಾನು ಟ್ಯಾರೋ, ಅಂದರೆ ಚಿತ್ರದ ಕಾರ್ಡ್ ಹಾಕಿ ಅರ್ಥ ಓದುವುದು, ಕಲಿತದ್ದು ಬಹಳ ಜನರ ಹಾಗೆ ರೈಡರ್ ವೇಟ್ ಅನ್ನುವ ಡೆಕ್ಕಿನಲ್ಲೇ (ಡೆಕ್ ಅಂದರೆ ಕಾರ್ಡಿನ ಕಟ್ಟು). ಹೋದ ತಿಂಗಳು ಅಕ್ಕ ಲಂಡನ್ನಿನಿಂದ ಬರುವಾಗ ವೈಲ್ಡ್‌ವುಡ್ ಟ್ಯಾರೋ ತಂದುಕೊಟ್ಟಳು. ಪೂರಾ ಕಾಡಿನ ಲೋಕ. ಚಿತ್ರ ನೋಡುತ್ತಾ ಕೂತರೆ ಒಲೆ ಮೇಲಿನ ಹಾಲು ಮರೆತುಹೋಗುತ್ತದೆ. ಆದರೆ ಯಾರಿಗಾದರೂ ಹಾಕಿ ಓದೋಣ ಅಂದರೆ ಬಾಯೇ ಬರುವುದಿಲ್ಲ.

ಇಸ್ಪೀಟಿನ ಹಾಗೆ ಇಲ್ಲೂ ನಾಲ್ಕು ಸೂಟ್, ಅಂದರೆ ನಾಲ್ಕು ಗುಂಪು: ವಾಂಡ್ಸ್ (ಕೋಲು) ಬದಲು ಬಿಲ್ಲು, ಕಪ್ಸ್ ಬದಲು ಪಾತ್ರೆ, ಸೋರ್ಡ್ಸ್ (ಕತ್ತಿ) ಬದಲು ಬಾಣ, ಪೆಂಟಕಲ್ಸ್ (ನಾಣ್ಯ) ಬದಲು ಕಲ್ಲು. ಅಷ್ಟು ಪರವಾಗಿಲ್ಲ, ಹೊಂದಿಸಿಕೊಂಡೆ. ರಾಜ, ರಾಣಿಯರ ಜಾಗದಲ್ಲಿ ಪ್ರಾಣಿ, ಪಕ್ಷಿ ಕೂತಿವೆ. ಫೂಲ್ ಹೋಗಿ ವಾಂಡರರ್, ಡೆತ್ ಹೋಗಿ ಜರ್ನಿ, ಡೆವಿಲ್ ಹೋಗಿ ಗಾರ್ಡಿಯನ್, ಟವರ್ ಹೋಗಿ ಸಿಡಿಲು ಹೊಡೆದ ಓಕ್ ಮರ.

ಮೊನ್ನೆ ಚಿಕ್ಕಮ್ಮನ ಮಗನಿಗೆ ಮೂರು ಕಾರ್ಡ್ ಹಾಕಿದೆ. ಐಟಿ ಕೆಲಸ ಬಿಟ್ಟು ಇತಿಹಾಸದಲ್ಲಿ ಎಂಎ ಓದಲಾ ಅನ್ನುವುದು ಅವನ ಪ್ರಶ್ನೆ. ಈಗಿನ ಸ್ಥಿತಿಗೆ ಬಂದದ್ದು ಪಾತ್ರೆಗಳ ರಾಜ, ಅಂದರೆ ನೀರಿನ ಬದಿಯ ಬಕ. ಅಡ್ಡಿ ಏನು ಅನ್ನುವುದಕ್ಕೆ ಗಾರ್ಡಿಯನ್: ಗುಹೆ ಬಾಯಲ್ಲಿ ಎದ್ದು ನಿಂತ ಕರಡಿಯ ಅಸ್ಥಿಪಂಜರ. ಏನು ಮಾಡಬಹುದು ಅನ್ನುವುದಕ್ಕೆ ಬಾಣಗಳ ಹತ್ತು.

ಇಲ್ಲೇ ಸಿಕ್ಕಿಹಾಕಿಕೊಂಡೆ. ವೇಟ್ ಡೆಕ್ಕಿನಲ್ಲಿ ಕತ್ತಿಗಳ ಹತ್ತು ಅಂದರೆ ಬೋರಲು ಬಿದ್ದವನ ಬೆನ್ನಿನಲ್ಲಿ ಹತ್ತು ಕತ್ತಿ. ಮುಗೀತು ಕಥೆ ಅನ್ನೋ ಕಾರ್ಡ್. ವೈಲ್ಡ್‌ವುಡ್‌ನಲ್ಲಿ ಅದೇ ಜಾಗದ ಕಾರ್ಡಿಗೆ 'ಇನ್‌ಸ್ಟ್ರಕ್ಷನ್' ಅಂತ ಹೆಸರು. ಕಲಿಯುವುದು, ಕಲಿಸುವುದು. ಒಂದರ ಪ್ರಕಾರ ಹೋದರೆ ಕೆಟ್ಟೆ, ಇನ್ನೊಂದರ ಪ್ರಕಾರ ಮೊದಲು ಹೋಗಿ ಸೇರು. ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದಾನೆ. 'ಇರು, ಕಾಫಿ ಮಾಡ್ಕೊಂಡು ಬರ್ತೀನಿ' ಅಂತ ಎದ್ದುಬಿಟ್ಟೆ.

ಇಂಥ ಡೆಕ್ಕುಗಳನ್ನು ನೀವೆಲ್ಲ ಹೇಗೆ ಓದುತ್ತೀರಿ? ಹಳೇ ಅರ್ಥವೋ, ಹೊಸ ಚಿತ್ರವೋ?

ಸುಮ್ನೆ ಬಂದೆ:
ಕಾಫಿ ಹೇಗಿತ್ತು?

ಗಾಂಧಿಬಜಾರ್ ಗುಂಡ:
ಗಿಣಿ ಶಾಸ್ತ್ರಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಯಾರಾದರೂ ಹೇಳಿ. ಅಲ್ಲಿ ಗಿಣಿಗೆ ಎರಡು ಕಾಳು ಭತ್ತ, ಇಲ್ಲಿ ಓದುವವರಿಗೆ ಐನೂರು ರೂಪಾಯಿ.

ನೀಲಿ ಶಾಯಿ:
ಗುಂಡ ಅವರೇ, ಗಿಣಿ ಸಾಕುವುದು ಈಗ ವನ್ಯಜೀವಿ ಕಾಯಿದೆ ಪ್ರಕಾರ ಅಪರಾಧ. ನಾವು ಅಪರಾಧ ಮಾಡುತ್ತಿಲ್ಲ. ವ್ಯತ್ಯಾಸ ಸಾಕಾ?

ಕಾಜಾಣ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ನನ್ನ ಅಭಿಪ್ರಾಯ ನೇರ: ಹೊಸ ಡೆಕ್ ಯಾವುದೇ ಇರಲಿ, ಎಲುಬುಗೂಡು ಅದೇ. 22 ಮೇಜರ್ (ಫೂಲ್, ಡೆತ್ ಥರ ಹೆಸರಿರುವ ಕಾರ್ಡ್), 56 ಮೈನರ್: ನಾಲ್ಕು ಸೂಟ್, ಒಂದರಿಂದ ಹತ್ತು, ಮೇಲೆ ರಾಜ, ರಾಣಿ ಸೇರಿ ನಾಲ್ಕು ಜನ. ಮೊದಲು ಸೂಟ್ ನೋಡಿ, ಆಮೇಲೆ ಸಂಖ್ಯೆ ನೋಡಿ, ಕೊನೆಗೆ ಚಿತ್ರ. ಬಾಣ ಅಂದರೆ ಗಾಳಿ, ಅಂದರೆ ಯೋಚನೆ, ಮಾತು, ತರ್ಕ. ಹತ್ತು ಅಂದರೆ ಆ ಸೂಟ್ ತುದಿ ಮುಟ್ಟಿತು. ಹಾಗಾದರೆ ಎರಡೂ ಡೆಕ್ಕಿನಲ್ಲಿ ವಿಷಯ ಒಂದೇ: ಯೋಚನೆ ಮಾಡಿ ಮಾಡಿ ಕೊನೆ ಮುಟ್ಟಿದ್ದಾಗಿದೆ, ಇನ್ನು ತಲೆಯೊಳಗೇ ಸುತ್ತಿದರೆ ಏನೂ ಸಿಗುವುದಿಲ್ಲ. ವೇಟ್ ಡೆಕ್ ಅದನ್ನು ಹೆಣವಾಗಿ ತೋರಿಸಿತು. ಇವರು ಅದನ್ನು ಪಾಠವಾಗಿ ತೋರಿಸಿದರು.

ಇನ್ನೊಂದು ವಿಷಯ. ವೇಟ್ ಡೆಕ್ಕಿನ ಕತ್ತಿಗಳ ಹತ್ತನ್ನು ಇನ್ನೊಮ್ಮೆ ಎತ್ತಿ ನೋಡಿ. ಮೇಲೆ ಕಪ್ಪು ಆಕಾಶ, ಕೆಳಗೆ ದಿಗಂತದಲ್ಲಿ ಹಳದಿ ಬೆಳಕು. ಬಿದ್ದವನ ಬಲಗೈ ಬೆರಳು ನೋಡಿ. ಹೈರೋಫಂಟ್ ಕಾರ್ಡಿನಲ್ಲಿ ಗುರು ಆಶೀರ್ವಾದಕ್ಕೆ ಹಿಡಿದಂಥದ್ದೇ ಮುದ್ರೆ. ಅಲ್ಲೂ ಪಾಠದ ಎಳೆ ಇದೆ, ನಾವು ಕತ್ತಿ ಎಣಿಸುವುದರಲ್ಲೇ ಇರುತ್ತೇವೆ.

ಮರಕುಟಿಗ:
ಶಾಯಿ ಮೇಡಂ, ಕೈಮುದ್ರೆ ಗಮನಿಸಿದ್ದು ಸೂಪರ್. ಆದರೆ ಉಳಿದದ್ದಕ್ಕೆ ನನ್ನ ತಕರಾರು ಇದೆ. ನಾನು ಚಿತ್ರ ಬರೆದು ಹೊಟ್ಟೆ ಹೊರೆಯುವವನು, ಅದಕ್ಕೇ ಸ್ವಲ್ಪ ಉರಿ ಜಾಸ್ತಿ.

ನೀವೆಲ್ಲ 'ಹಳೇ ಅರ್ಥ' ಅನ್ನುವುದು ಎಷ್ಟು ಹಳೇದು? ವೇಟ್ ಡೆಕ್ ಹೊರಬಂದದ್ದು 1909ರಲ್ಲಿ, ಲಂಡನ್ನಿನಲ್ಲಿ. ಟ್ಯಾರೋ ಎಲೆಗಳು ಇಟಲಿಯಲ್ಲಿ ಶುರುವಾದದ್ದು 15ನೇ ಶತಮಾನದಲ್ಲಿ. ಫ್ರಾನ್ಸಿನ ಹಳೇ ಮಾರ್ಸೇ ಡೆಕ್ಕಿನಲ್ಲಿ ಕತ್ತಿಗಳ ಹತ್ತು ಅಂದರೆ ಬರೀ ಹತ್ತು ಕತ್ತಿ, ಸುತ್ತ ಹೂಬಳ್ಳಿ, ಅಷ್ಟೇ. ಹೆಣ ಇಲ್ಲ, ಸೂರ್ಯೋದಯ ಇಲ್ಲ. ಆ ಹೆಣವನ್ನು ಬರೆದವಳು ವೇಟ್ ಡೆಕ್ಕಿನ ಚಿತ್ರಗಾರ್ತಿ ಪಮೇಲಾ ಕೋಲ್ಮನ್ ಸ್ಮಿತ್. ಅವಳ ಕಾಲಕ್ಕೆ ಅದೂ ಹೊಸ ಡೆಕ್ಕೇ. ಅವಳು ತನ್ನ ಕಲ್ಪನೆ ಬಳಸಿದರೆ ಅದು ಶಾಸ್ತ್ರ, ನೂರು ವರ್ಷದ ಮೇಲೆ ವೈಲ್ಡ್‌ವುಡ್ ಚಿತ್ರಕಾರ ವಿಲ್ ವರ್ದಿಂಗ್ಟನ್ ಕಾಡು ಬರೆದರೆ ಅದನ್ನು ಅವಳ ಚಿತ್ರಕ್ಕೆ ತಾಳೆ ಹಾಕಬೇಕಾ?

ತಮಾಷೆ ನೋಡಿ. ವೇಟ್ ತನ್ನ ಡೆಕ್ಕಿನಲ್ಲಿ ಸ್ಟ್ರೆಂತ್ ಮತ್ತು ಜಸ್ಟಿಸ್ ಜಾಗ ಅದಲುಬದಲು ಮಾಡಿ 8 ಮತ್ತು 11 ಅಂತ ಇಟ್ಟ. ವೈಲ್ಡ್‌ವುಡ್‌ನಲ್ಲಿ ಜಸ್ಟಿಸ್ ಜಾಗದ ಸಾರಂಗ 8ಕ್ಕೆ ವಾಪಸ್ ಬಂದಿದೆ, ಸ್ಟ್ರೆಂತ್ ಜಾಗದ ವುಡ್‌ವರ್ಡ್ 11ಕ್ಕೆ ಹೋಗಿದೆ. ಆ ವಿಷಯದಲ್ಲಿ ಈ ಫ್ಯಾಂಟಸಿ ಡೆಕ್ಕೇ ಹೆಚ್ಚು ಸಂಪ್ರದಾಯಸ್ಥ!

ನೀಲಿ ಶಾಯಿ:
ಒಪ್ಪಿದೆ, ಆದರೆ ಪಮೇಲಾ ಕೂಡ ಶೂನ್ಯದಿಂದ ಬರೆಯಲಿಲ್ಲ ತಮ್ಮಾ. ಇಟಲಿಯ, 1490ರ ಆಸುಪಾಸಿನ ಸೋಲಾ ಬುಸ್ಕಾ ಅನ್ನುವ ಡೆಕ್ಕಿನ ಫೋಟೊಗಳು 1907ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಬಂದಿದ್ದವು. ಹೃದಯಕ್ಕೆ ಮೂರು ಕತ್ತಿ ಚುಚ್ಚಿದ ಚಿತ್ರ ಅಲ್ಲೇ ಇದೆ. ದೊಡ್ಡ ಕಟ್ಟು ಹೊತ್ತು ಬಗ್ಗಿದವನೂ ಅಲ್ಲೇ ಇದ್ದಾನೆ.

ಮರಕುಟಿಗ:
ಕದ್ದಳು ಅನ್ನಿ, ನನಗೇನೂ ಬೇಜಾರಿಲ್ಲ. ಚಿತ್ರ ಬರೆಯುವವರೆಲ್ಲ ಕದಿಯುತ್ತಾರೆ. ಅವಳಿಗೆ ಸಿಕ್ಕಿದ್ದಾದರೂ ಎಷ್ಟು? ದೊಡ್ಡ ಕೆಲಸ, ಪುಡಿಗಾಸು ಅಂತ ಅವಳೇ ಆ ವರ್ಷ ಪರಿಚಯದವರಿಗೆ ಕಾಗದ ಬರೆದಿದ್ದಾಳೆ. 1951ರಲ್ಲಿ ಕಾರ್ನ್‌ವಾಲ್‌ನಲ್ಲಿ ಸಾಯುವಾಗ ಕೈಯಲ್ಲಿ ಕಾಸಿರಲಿಲ್ಲ. ಡೆಕ್ಕಿಗೆ ಮಾತ್ರ ಪ್ರಕಾಶಕ ರೈಡರ್ ಮತ್ತು ಬರಹಗಾರ ವೇಟ್ ಹೆಸರು. ಅದಕ್ಕೇ ನಾನು ಸ್ಮಿತ್ ಡೆಕ್ ಅಂತಲೇ ಕರೆಯುವುದು.

ಸುಮ್ನೆ ಬಂದೆ:
ಈಗ ಹುಡುಗ ಎಂಎ ಮಾಡಬೇಕೋ ಬೇಡವೋ?

ತೆಂಕುತಿಟ್ಟು:
ಕಾಜಾಣ ಅಕ್ಕಾ, ಮೂರೂ ಕಾರ್ಡ್ ಸೇರಿಸಿ ನೋಡಿ ಮಾರಾಯ್ರೆ. ಒಂದೊಂದನ್ನೇ ಹಿಡಿದರೆ ಏನೂ ಬರುವುದಿಲ್ಲ. ಬಕ ನೀರಿನ ಬದಿಯಲ್ಲಿ ಅಲ್ಲಾಡದೆ ನಿಂತಿದೆ. ಪಂಚತಂತ್ರದ ಬಕ ಗೊತ್ತಲ್ವಾ? ಮೀನುಗಳಿಗೆ ಬೇರೆ ಕೆರೆ ತೋರಿಸುತ್ತೇನೆ ಅಂತ ಹೊತ್ತುಕೊಂಡು ಹೋಗಿ ತಿಂದದ್ದು. ನಿಮ್ಮ ಹುಡುಗನಿಗೆ ಕಂಪನಿಯಲ್ಲಿ ಯಾರೋ ಚಂದ ಮಾತಾಡಿ, ಮುಂದಿನ ವರ್ಷ ಬಡ್ತಿ, ಮುಂದಿನ ವರ್ಷ ಬಡ್ತಿ ಅಂತ ಕೂರಿಸಿದ್ದಾರೆ. ನನಗೆ ಹಾಗೆ ಕಾಣುತ್ತದೆ.

ಗಾರ್ಡಿಯನ್ ನೋಡಿದರೆ ನನಗೆ ನೆನಪಾಗುವುದು ಕ್ಷೇತ್ರಪಾಲ. ದೇವಸ್ಥಾನದ ಒಳಗೆ ಹೋಗುವ ಮುಂಚೆ ಅವನಿಗೆ ಒಂದು ಕೈ ಮುಗಿಯಬೇಕು. ಹೆದರಿ ಓಡಿದರೆ ಒಳಗೆ ಹೋಗುವ ಯೋಗ್ಯತೆ ಇಲ್ಲ ಅಂತ.

ನೀಲಿ ಶಾಯಿ:
ಕ್ಷೇತ್ರಪಾಲನವರೆಗೆ ಸರಿ. ಆದರೆ ಬಕ? ಈ ಡೆಕ್ ಮಾಡಿದವರು ಬ್ರಿಟನ್ನಿನವರು. ಅವರ ಬಕ ತಾಳ್ಮೆಯ ಪಕ್ಷಿ. ನೀರಿನ ಸೂಟಿನ ರಾಜ, ಅಂದರೆ ಒಳಗಿನ ಆಸೆ ಏನು ಅಂತ ಗೊತ್ತಿದ್ದೂ ಆತುರಪಡದವನು. ನೀವು ಅದನ್ನು ಮೋಸಗಾರ ಮಾಡಿದರೆ ಇಡೀ ಓದು ತಲೆಕೆಳಗಾಗುತ್ತದೆ. ಬೇರೆಯವರ ಕಾಡಿಗೆ ಹೋದ ಮೇಲೆ ಅಲ್ಲಿನ ದಾರಿ ಕೇಳಿಕೊಂಡು ನಡೆಯಬೇಕು ಅಲ್ವಾ?

ತೆಂಕುತಿಟ್ಟು:
ಪ್ರಶ್ನೆ ಕೇಳಿದವನು ಮೈಸೂರಿನವನು, ಓದಿದವರು ಮೈಸೂರಿನವರು. ಬಕ ನೋಡಿದ ಕೂಡಲೇ ಅವನ ತಲೆಗೆ ಬರುವುದು ಇಂಗ್ಲೆಂಡಿನ ಕಥೆಯಾ, ಅಜ್ಜಿ ಹೇಳಿದ ಕಥೆಯಾ? ಕಾರ್ಡ್ ಮಾತಾಡುವುದು ನೋಡುವವನ ತಲೆಯೊಳಗೆ, ಚಿತ್ರಕಾರನ ತಲೆಯೊಳಗೆ ಅಲ್ಲ.

ಮರಕುಟಿಗ:
ಇದಕ್ಕೆ ನಾನು ಎರಡೂ ಕಡೆ ಇದ್ದೇನೆ. ಚಿತ್ರ ಮೊದಲು ಅನ್ನುವವನು ನಾನೇ. ಆದರೆ ಚಿತ್ರದಲ್ಲಿ ಇರುವುದನ್ನು ಮೊದಲು ನೋಡಬೇಕು. ಆ ಬಕದ ಬಾಯಲ್ಲಿ ಮೀನು ಬರೆದಿದ್ದಾರಾ? ಮೋಸ ಮಾಡುವ ನೋಟ ಇದೆಯಾ? ಇಲ್ಲ ಅಂದಮೇಲೆ ಪಂಚತಂತ್ರ ನೀವು ತಂದದ್ದು. ತನ್ನಿ, ಬೇಡ ಅನ್ನಲ್ಲ. ಆದರೆ ಅದು ಕಾರ್ಡ್ ಹೇಳಿದ್ದಲ್ಲ, ನಾನು ಸೇರಿಸಿದ್ದು ಅಂತ ಎದುರಿಗೆ ಕೂತವನಿಗೆ ಹೇಳಿ.

ಹೊಸಪೇಟೆ ಬಿಸಿಲು:
ಕರಡಿ ಬಗ್ಗೆ ನಮ್ಮನ್ನ ಕೇಳ್ರಿ. ಕರಡಿಧಾಮ ಇರೋ ದರೋಜಿ ಕಡೆಯವರು ನಾವು. ಬ್ರಿಟನ್ನಿನಾಗ ಈಗ ಕಾಡು ಕರಡಿನೇ ಇಲ್ಲ, ಹಂಗಾಗಿ ಅವರಿಗೆ ಅದು ಪುರಾಣ, ಗುಹೆ, ಪೂರ್ವಜರು ಎಲ್ಲಾ ಆಗತದ. ನಮಗೆ ಕರಡಿ ಅಂದ್ರ ಸಂಜೆ ಮುಂದ ಹೊಲದಾಗ ಎದುರಾದ್ರ ಮುಖಾನೇ ಕಿತ್ತು ಹಾಕೋ ಪ್ರಾಣಿ. ನನಗೆ ಆ ಕಾರ್ಡ್ ಬಂದ್ರ ಅರ್ಥ ಒಂದೇ: ಆ ಹಾದಿಗೆ ಹೋಗಬ್ಯಾಡ.

ಕಾಜಾಣ:
ಅಯ್ಯೋ, ಒಂದೇ ಕಾರ್ಡಿಗೆ ಒಬ್ಬರು ಕೈ ಮುಗಿ ಅಂತಾರೆ, ಒಬ್ಬರು ಓಡು ಅಂತಾರೆ. ಶಾಯಿ ಅಕ್ಕಾ, ಡೆವಿಲ್ ಅಂತಲೇ ಓದಿದರೆ ಏನಾಗುತ್ತದೆ?

ನೀಲಿ ಶಾಯಿ:
ಡೆವಿಲ್ ಅಂತ ಓದಿದರೆ ಅಡ್ಡಿ ಹೊರಗಡೆ ಇಲ್ಲ. ವೇಟ್ ಡೆಕ್ಕಿನ ಡೆವಿಲ್ ಕಾರ್ಡಿನಲ್ಲಿ ಇಬ್ಬರ ಕುತ್ತಿಗೆಗೂ ಸರಪಳಿ ಇದೆ, ಆದರೆ ಸಡಿಲ. ಬೇಕಾದರೆ ತಲೆ ಮೇಲಿಂದ ತೆಗೆದು ಹೋಗಬಹುದು. ಅವರೇ ಹೋಗುತ್ತಿಲ್ಲ. ನಿಮ್ಮ ತಮ್ಮನಿಗೆ ಅದು ಸಂಬಳ, ಇಎಂಐ, ಮನೆಯವರು ಏನಂತಾರೆ ಅನ್ನುವುದು ಇರಬಹುದು. ಗಾರ್ಡಿಯನ್‌ಗೂ ಇದು ದೂರ ಇಲ್ಲ. ನೋಡಿ, ಅದು ಬರೀ ಅಸ್ಥಿಪಂಜರ. ಮಾಂಸ ಇಲ್ಲ, ರಕ್ತ ಇಲ್ಲ. ಜೀವ ಇಲ್ಲದ ಭಯ ಬಾಗಿಲಲ್ಲಿ ನಿಂತಿದೆ. ಹೊಸಪೇಟೆಯವರೇ, ನಿಮ್ಮ ದರೋಜಿ ಕರಡಿ ಬದುಕಿರುತ್ತದೆ, ಅದರ ಮುಂದೆ ಓಡಿ. ಇದು ಸತ್ತ ಕರಡಿ.

ಹೊಸಪೇಟೆ ಬಿಸಿಲು:
ಸತ್ತದ್ದು ನೆಟ್ಟಗೆ ನಿಂತದ ಅಂದ್ರ ಇನ್ನೂ ಜಾಸ್ತಿ ಹೆದರಬೇಕಲ್ರಿ ಅಕ್ಕಾರ!

ಸುಮ್ನೆ ಬಂದೆ:
ಇದಕ್ಕೆ ಹೊಸಪೇಟೆಗೆ ಒಂದು ಪಾಯಿಂಟ್.

ಜಾತಕ ಜಂಕ್ಷನ್:
ನಮ್ಮಲ್ಲಿ ಟ್ಯಾರೋ, ಸಂಖ್ಯಾಶಾಸ್ತ್ರ, ವಾಸ್ತು ಎಲ್ಲ ಒಟ್ಟಿಗೆ ನೋಡಿಕೊಡಲಾಗುವುದು. ಕೆಲಸ, ಮದುವೆ, ಕೋರ್ಟ್ ವ್ಯವಹಾರ. ವಾಟ್ಸಾಪ್ ಮಾಡಿ

ನಿರ್ವಾಹಕ:
ಮೇಲಿನವರ ಫೋನ್ ನಂಬರ್ ತೆಗೆದಿದ್ದೇನೆ. ಇಲ್ಲಿ ಜಾಹೀರಾತು ಬೇಡ ಅಂತ ನಿಯಮದಲ್ಲೇ ಇದೆ. ಕೋರ್ಟ್ ವ್ಯವಹಾರಕ್ಕೆ ವಕೀಲರ ಹತ್ತಿರ ಹೋಗಿ, ಕಾರ್ಡ್ ಹತ್ತಿರ ಅಲ್ಲ.

ಕೂಲಂಕಷ:
ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೈಯಬೇಡಿ. 78ರಲ್ಲಿ 22 ಮೇಜರ್. ಅಂದರೆ ಯಾವ ಜಾಗಕ್ಕಾದರೂ ಮೇಜರ್ ಬರುವ ಸಾಧ್ಯತೆ 28% ಚಿಲ್ಲರೆ. ಕೆಲ್ಟಿಕ್ ಕ್ರಾಸ್ ಅಂತ ಹತ್ತು ಕಾರ್ಡ್ ಜೋಡಿಸುವ ವಿಧಾನದಲ್ಲಿ ಹಾಕಿದರೆ ಸರಾಸರಿ ಮೂರಕ್ಕೆ ಹತ್ತಿರ ಮೇಜರ್ ಬಂದೇ ಬರುತ್ತದೆ. 'ಅಬ್ಬಾ, ಮೂರು ಮೇಜರ್ ಬಂದಿದೆ, ವಿಧಿಯ ಕೈವಾಡ' ಅಂತ ವಿಡಿಯೊದಲ್ಲಿ ಕೂಗುವವರನ್ನು ನೋಡಿದರೆ ನಗು ಬರುತ್ತದೆ. ಒಂದೂ ಬರದಿದ್ದರೆ ಆಶ್ಚರ್ಯ ಪಡಿ. ಮೂರು ಕಾರ್ಡನ್ನು ಕ್ರಮವಾಗಿ ಇಡುವ ವಿಧಾನ 4,56,456 ಇದೆ. ನಿಮ್ಮ ಬಕ, ಕರಡಿ, ಬಾಣ ಅದರಲ್ಲಿ ಒಂದು.

ಗಾಂಧಿಬಜಾರ್ ಗುಂಡ:
ಕೂಲಂಕಷ ಸರ್, ನೀವೊಬ್ಬರೇ ಇಲ್ಲಿ ನೆಟ್ಟಗೆ ಮಾತಾಡಿದ್ದು. 1948ರಲ್ಲಿ ಫೋರರ್ ಅನ್ನುವ ಮನಶ್ಶಾಸ್ತ್ರದ ಮೇಷ್ಟ್ರು ತನ್ನ ವಿದ್ಯಾರ್ಥಿಗಳಿಗೆ ಪರೀಕ್ಷೆ ಮಾಡಿ, ಇದು ನಿನ್ನ ಸ್ವಭಾವ ಅಂತ ಒಂದೊಂದು ಹಾಳೆ ಕೊಟ್ಟ. ಎಲ್ಲರೂ 5ಕ್ಕೆ ಸರಾಸರಿ 4ಕ್ಕಿಂತ ಜಾಸ್ತಿ ಅಂಕ ಕೊಟ್ಟು ಸರಿಯಾಗಿದೆ ಅಂದರು. ಕೊಟ್ಟಿದ್ದು ಎಲ್ಲರಿಗೂ ಒಂದೇ ಹಾಳೆ. 'ನಿಮ್ಮೊಳಗೆ ಬಳಸದ ಶಕ್ತಿ ತುಂಬ ಇದೆ' ಅಂತ ಯಾರಿಗೆ ಹೇಳಿದರೂ ಹೌದು ಅಂತಾರೆ. ನಮ್ಮ ಬಾಡಿಗೆದಾರನಿಗೆ ಹೇಳಿದರೆ ಬಾಡಿಗೆ ಕಮ್ಮಿ ಮಾಡಿ ಅಂತಾನೆ.

ಮರಕುಟಿಗ:
ಗುಂಡಣ್ಣ, ಭವಿಷ್ಯ ಹೇಳುತ್ತದೆ ಅಂತ ಇಲ್ಲಿ ಯಾರು ಹೇಳಿದರು? ಹುಡುಗ ಒಂದು ಪ್ರಶ್ನೆ ಇಟ್ಟುಕೊಂಡು ವರ್ಷದಿಂದ ಸುತ್ತುತ್ತಿದ್ದಾನೆ. ಎದುರಿಗೆ ಬಕ, ಕರಡಿ, ಬಾಣ ಇಟ್ಟರೆ ಮಾತಾಡಲು ಒಂದು ನೆಪ. ಫೋರರ್ ಹಾಳೆ ಎಲ್ಲರಿಗೂ ಒಂದೇ. ಇಲ್ಲಿ ಒಂದೇ ಕರಡಿ ನೋಡಿ ಮೂರು ಜನ ಮೂರು ಹೇಳಿದ್ದಾರಲ್ಲ, ಅದೇ ನನಗೆ ಇಷ್ಟವಾಗುವುದು.

ಗಾಂಧಿಬಜಾರ್ ಗುಂಡ:
ನೆಪವೇ ಬೇಕಿದ್ದರೆ ವಿದ್ಯಾರ್ಥಿ ಭವನದಲ್ಲಿ ದೋಸೆ ಕೊಡಿಸಿ, ಹುಡುಗ ತಾನೇ ಎಲ್ಲ ಹೇಳುತ್ತಾನೆ.

ಕಾಜಾಣ:
ಗುಂಡ ಸರ್, ಅವನು ದೋಸೆ ತಿನ್ನುವಾಗ ಮಾತಾಡಲ್ಲ.

ಮೆಲ್ಬರ್ನ್ ಮಾವ:
ಇದೇ ಡೆಕ್ ನನ್ನ ಹತ್ತಿರವೂ ಇದೆ, ಬೇರೆ ತರಹದ ತಲೆನೋವು. ವೈಲ್ಡ್‌ವುಡ್ ನಿಂತಿರುವುದೇ ವರ್ಷದ ಚಕ್ರದ ಮೇಲೆ. ಬಾಣ ವಸಂತಕ್ಕೆ, ಬಿಲ್ಲು ಬೇಸಿಗೆಗೆ, ಪಾತ್ರೆ ಶರತ್ಕಾಲಕ್ಕೆ, ಕಲ್ಲು ಚಳಿಗಾಲಕ್ಕೆ. ಯಾರಾದರೂ 'ಯಾವಾಗ ಆಗುತ್ತೆ' ಅಂತ ಕೇಳಿದರೆ ಸೂಟ್ ನೋಡಿ ಕಾಲ ಹೇಳುತ್ತಾರೆ. ಮೆಲ್ಬರ್ನಿನಲ್ಲಿ ಜುಲೈ ಅಂದರೆ ಕೊರೆಯುವ ಚಳಿ. ಇಲ್ಲಿನ ಪೇಗನ್ ಗುಂಪುಗಳು, ಅಂದರೆ ಯುರೋಪಿನ ಹಳೇ ಪ್ರಕೃತಿ ಪೂಜೆ ಮಾಡುವವರು, ಹಬ್ಬಗಳನ್ನೇ ತಿರುಗಿಸಿಕೊಂಡಿವೆ. ಉತ್ತರಾರ್ಧದವರು ಮೇ ಒಂದರಂದು ಬೇಸಿಗೆ ಶುರುವಿನ ಬೆಲ್ಟೇನ್ ಹಬ್ಬ ಮಾಡಿದರೆ ಇಲ್ಲಿ ಅದೇ ಸಮಯಕ್ಕೆ ಚಳಿಗಾಲ ಶುರುವಿನ 'ಸಾವಿನ್' ಹಬ್ಬ. ನಾನೂ ತಿರುಗಿಸಿಯೇ ಓದುತ್ತೇನೆ. ನೀವು ಊರಿನಲ್ಲಿ ಏನು ಮಾಡುತ್ತೀರಿ?

ಕಾಜಾಣ:
ಮಾವ, ಅದನ್ನು ನಾನು ಯೋಚನೆ ಮಾಡಿರಲೇ ಇಲ್ಲ. ಮಳೆಗಾಲಕ್ಕೆ ಇದರಲ್ಲಿ ಜಾಗವೇ ಇಲ್ಲ ನೋಡಿ!

ತೆಂಕುತಿಟ್ಟು:
ಉಡುಪಿಯವನಿಗೆ ವರ್ಷದಲ್ಲಿ ನಾಲ್ಕು ತಿಂಗಳು ಪಾತ್ರೆ ಸೂಟೇ. ಸೋರುವ ಮಾಡಿನ ಕೆಳಗೆ ಇಡಲಿಕ್ಕೆ.

ನೀಲಿ ಶಾಯಿ:
ಕಾಲ ಹೇಳಲಿಕ್ಕೆ ಈ ಡೆಕ್ ಬಳಸಬೇಡಿ, ಅಷ್ಟೇ. ಋತುವನ್ನು ಮನಸ್ಸಿನ ಹಂತ ಅಂತ ಓದಿ. ಕಲ್ಲು ಬಂದರೆ ಚಳಿಗಾಲದಲ್ಲಿ ಆಗುತ್ತದೆ ಅಂತ ಅಲ್ಲ. ಉಳಿಸು, ಸುಮ್ಮನೆ ಇರು, ಖರ್ಚು ಕಡಿಮೆ ಮಾಡು ಅಂತ. ಫ್ಯಾಂಟಸಿ ಡೆಕ್ಕಿನಲ್ಲಿ ಜನ ಎಡವುವುದೇ ಇಲ್ಲಿ. ಚಿತ್ರದ ಲೋಕದ ನಿಯಮವನ್ನು ತಿಳಿದುಕೊಳ್ಳುವುದು ಬೇರೆ, ಅದನ್ನು ಕ್ಯಾಲೆಂಡರಿಗೆ ಅಂಟಿಸುವುದು ಬೇರೆ.

ನಾನು ಮಾಡುವ ಒಂದು ಕೆಲಸ ಹೇಳುತ್ತೇನೆ, ಬೇಕಾದರೆ ಮಾಡಿ. ಮನೆಯಲ್ಲಿ ಯಾರೂ ಇಲ್ಲದಾಗ ನೆಲದ ಮೇಲೆ ಚಾಪೆ ಹಾಸಿ ನಾಲ್ಕು ಸೂಟನ್ನೂ ನಾಲ್ಕು ಸಾಲಿನಲ್ಲಿ ಒಂದರಿಂದ ಹತ್ತರವರೆಗೆ ಹರಡಿ. ಪುಸ್ತಕ ಮುಚ್ಚಿಡಿ. ಮೊದಲು ಒಂದೊಂದು ಸಾಲನ್ನು ಕಥೆಯ ಹಾಗೆ ನೋಡುತ್ತಾ ಹೋಗಿ. ಎಲ್ಲಿ ಕಥೆ ತಿರುಗಿತು, ಎಲ್ಲಿ ನಿಂತಿತು. ಆಮೇಲೆ ನಿಲುವಿನಲ್ಲಿ ನೋಡಿ: ನಾಲ್ಕು ಐದುಗಳು, ನಾಲ್ಕು ಒಂಬತ್ತುಗಳು. ಬಾಣಗಳ ಒಂಬತ್ತಿಗೆ ಇವರು ಇಟ್ಟ ಹೆಸರು 'ಡೆಡಿಕೇಶನ್', ನಿಷ್ಠೆ. ಸ್ಮಿತ್ ಡೆಕ್ಕಿನಲ್ಲಿ ಅದೇ ಜಾಗದಲ್ಲಿ ಒಬ್ಬರು ರಾತ್ರಿ ಹಾಸಿಗೆ ಮೇಲೆ ಎದ್ದು ಕೂತು ಮುಖ ಮುಚ್ಚಿಕೊಂಡಿದ್ದಾರೆ. ಹೊದಿಕೆ ಮೇಲೆ ಗುಲಾಬಿ ಮತ್ತು ರಾಶಿ ಚಿಹ್ನೆಗಳು. ನಿದ್ದೆಗೆಟ್ಟವರು ಮತ್ತು ನಿಷ್ಠೆ ಇಟ್ಟವರು ಇಬ್ಬರೂ ರಾತ್ರಿಯಿಡೀ ಒಂದೇ ವಿಷಯ ಹಿಡಿದು ಕೂತವರು. ಅಷ್ಟು ಕಂಡರೆ ಸಾಕು, ಹತ್ತು ಎಲ್ಲಿಂದ ಬಂತು ಅಂತ ತಾನಾಗಿ ಗೊತ್ತಾಗುತ್ತದೆ.

ಕಾಜಾಣ:
ಇದು ಇಷ್ಟವಾಯಿತು ಅಕ್ಕಾ. ಭಾನುವಾರ ಮಾಡುತ್ತೇನೆ.

ಬೆಳ್ಳಕ್ಕಿ ಸಾಲು:
ನನ್ನ ಹತ್ತಿರ ಶ್ಯಾಡೋಸ್ಕೇಪ್ಸ್ ಅನ್ನುವ ಡೆಕ್ ಇದೆ, 2010ರದ್ದು. ಜಲವರ್ಣದ ಚಿತ್ರಗಳು. ಡೆತ್ ಕಾರ್ಡಿಗೆ ಅಸ್ಥಿಪಂಜರ ಇಲ್ಲ, ಫೀನಿಕ್ಸ್ ಪಕ್ಷಿ. ಕತ್ತಿ ಸೂಟಿನ ತುಂಬ ಹಂಸಗಳು. ಅಂದಕ್ಕೆ ಎರಡು ಮಾತಿಲ್ಲ. ಆದರೆ ಒಂದೊಂದು ಕಾರ್ಡಿನಲ್ಲೂ ಎಷ್ಟು ಬಳ್ಳಿ, ರೆಕ್ಕೆ, ಕೊಂಬೆ ಅಂದರೆ ಕನ್ನಡಕ ಹಾಕಿಯೂ ಭೂತಗನ್ನಡಿ ಬೇಕು. ಮೂರಕ್ಕಿಂತ ಹೆಚ್ಚು ಕಾರ್ಡ್ ಹಾಕಿದರೆ ಎಲ್ಲ ಒಂದೇ ಬಣ್ಣದ ಮೋಡ. ಇಂಥ ಡೆಕ್ಕಿಗೆ ಕೆಲ್ಟಿಕ್ ಕ್ರಾಸ್ ಹಾಕಬೇಡಿ. ದಿನಕ್ಕೆ ಒಂದು ಕಾರ್ಡ್, ಹೆಚ್ಚೆಂದರೆ ಎರಡು.

ಡೆತ್ ಫೀನಿಕ್ಸ್ ಆದದ್ದರಿಂದ ಒಂದು ತೊಂದರೆಯೂ ಇದೆ. ಯಾರೂ ಹೆದರುವುದಿಲ್ಲ. 'ಓ, ಚೆನ್ನಾಗಿದೆ, ಹೊಸ ಶುರು' ಅಂದುಬಿಡುತ್ತಾರೆ. ಸುಡುವ ಭಾಗ ಮರೆತುಹೋಗುತ್ತದೆ. ವೈಲ್ಡ್‌ವುಡ್‌ನ ಜರ್ನಿ ಕಾರ್ಡಿನಲ್ಲಿ ಕಾಡುಕಾಗೆ, ಮೂಳೆ ಇರುವುದು ನನಗೆ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ.

ಮರಕುಟಿಗ:
ಸರಿಯಾಗಿ ಹೇಳಿದಿರಿ. ಎಷ್ಟೋ ಫ್ಯಾಂಟಸಿ ಡೆಕ್ಕುಗಳ ರೋಗ ಇದು. ಕೆಟ್ಟ ಕಾರ್ಡೇ ಇಲ್ಲ. ಎಲ್ಲರೂ ಚಂದ, ಎಲ್ಲರಿಗೂ ರೆಕ್ಕೆ, ಎಲ್ಲ ಕಡೆ ಬೆಳದಿಂಗಳು. ಐದು ಪೆಂಟಕಲ್ಸ್‌ನಲ್ಲಿ ಸ್ಮಿತ್ ಏನು ಬರೆದಳು? ಹಿಮದಲ್ಲಿ ಇಬ್ಬರು ಭಿಕಾರಿಗಳು, ಒಬ್ಬನಿಗೆ ಊರುಗೋಲು, ಮೇಲೆ ದೀಪ ಬೆಳಗುವ ಬಣ್ಣದ ಗಾಜಿನ ಕಿಟಕಿ. ಅವರು ತಲೆ ಎತ್ತಿ ನೋಡುತ್ತಿಲ್ಲ. ಆ ನೋವು ತೆಗೆದು ಅಲ್ಲಿ ಒಂದು ಯಕ್ಷಿಣಿ ಕೂರಿಸಿದರೆ ಓದಲಿಕ್ಕೆ ಏನು ಉಳಿಯಿತು? ಡೆಕ್ ಕೊಳ್ಳುವ ಮುಂಚೆ ಡೆವಿಲ್, ಟವರ್, ಕತ್ತಿಗಳ ಮೂರು, ಪೆಂಟಕಲ್ಸ್ ಐದು ಇವಿಷ್ಟರ ಚಿತ್ರ ಹುಡುಕಿ ನೋಡಿ. ಇವು ಗಟ್ಟಿ ಇದ್ದರೆ ಡೆಕ್ ಗಟ್ಟಿ.

ಪುಟ್ಟಕ್ಕ:
ಡ್ರುಯಿಡ್‌ಕ್ರಾಫ್ಟ್ ಡೆಕ್ ಯಾರಾದರೂ ಬಳಸುತ್ತೀರಾ? ಅದೇ ವರ್ದಿಂಗ್ಟನ್ ಚಿತ್ರ. ನನಗೆ ತುಂಬ ಇಷ್ಟ, ಆದರೆ ಕಾರ್ಡ್ ಎಷ್ಟು ದೊಡ್ಡದು ಅಂದರೆ ಕೈಯಲ್ಲಿ ಕಲೆಸಲು ಆಗುವುದಿಲ್ಲ. ಮತ್ತೆ ಲವರ್ಸ್ ಕಾರ್ಡಿನಲ್ಲಿ ಇಬ್ಬರೂ ಬಟ್ಟೆ ಇಲ್ಲದೆ ಇದ್ದಾರೆ. ಹಾಲ್‌ನಲ್ಲಿ ಹಾಕಿಕೊಂಡು ಕೂತಿದ್ದಾಗಲೇ ಅತ್ತೆ ಬಂದರು.

ಸುಮ್ನೆ ಬಂದೆ:
ಅತ್ತೆ ಏನಂದರು?

ಪುಟ್ಟಕ್ಕ:
'ಚಳಿ ಆಗಲ್ವಾ ಇವಕ್ಕೆ' ಅಂದರು. ಅಷ್ಟೇ.

ನೀಲಿ ಶಾಯಿ:
ಅತ್ತೆಗೆ ಒಂದು ಡೆಕ್ ಕೊಡಿಸಿ. ದೊಡ್ಡ ಎಲೆ ಕಲೆಸುವುದು ಕಷ್ಟ ಆದರೆ ಚಾಪೆ ಮೇಲೆ ಮುಖ ಕೆಳಗೆ ಮಾಡಿ ಹರಡಿ, ಎರಡೂ ಕೈಯಲ್ಲಿ ಬೆರೆಸಿ, ಒಟ್ಟು ಮಾಡಿ. ಅಂಚೂ ಹಾಳಾಗುವುದಿಲ್ಲ.

ಹೊಸಬ:
ಡೆಕ್ಕನ್ನು ನಾವೇ ದುಡ್ಡು ಕೊಟ್ಟು ಕೊಳ್ಳಬಾರದು, ಯಾರಾದರೂ ಕೊಡಬೇಕು ಅಂತಾರಲ್ಲ? ನಾನು ಆನ್‌ಲೈನಿನಲ್ಲಿ ಆರ್ಡರ್ ಮಾಡಿಬಿಟ್ಟೆ. 350 ರೂಪಾಯಿಗೆ ವೈಲ್ಡ್‌ವುಡ್ ಸಿಕ್ಕಿತು.

ಬೆಳ್ಳಕ್ಕಿ ಸಾಲು:
ಯಾರೂ ಕೊಳ್ಳದಿದ್ದರೆ ಕೊಡುವವರು ಎಲ್ಲಿಂದ ತರುತ್ತಾರೆ? ಅದು ಬಿಡಿ. 350ಕ್ಕೆ ಸಿಕ್ಕಿದ್ದು ಖಂಡಿತ ನಕಲಿ. ಒಳಗೆ ಪುಸ್ತಕದ ಬದಲು ಕ್ಯೂಆರ್ ಕೋಡ್ ಇದೆಯಾ ನೋಡಿ. ಕಾರ್ಡ್ ಅಂಗೈಗಿಂತ ಚಿಕ್ಕದಾಗಿ, ತೆಳ್ಳಗೆ, ಜಾರುವ ಹಾಗೆ ಇರುತ್ತದೆ. ಕಪ್ಪು ಬಣ್ಣ ಎಲ್ಲ ಒಟ್ಟಿಗೆ ಕಲಸಿ ಗುಹೆ ಯಾವುದು, ಕರಡಿ ಯಾವುದು ಗೊತ್ತಾಗುವುದಿಲ್ಲ.

ಹೊಸಬ:
ಕ್ಯೂಆರ್ ಕೋಡೇ ಇದೆ. ಸ್ಕ್ಯಾನ್ ಮಾಡಿದರೆ ಏನೂ ತೆರೆಯುತ್ತಿಲ್ಲ.

ಮರಕುಟಿಗ:
ವಾಪಸ್ ಕಳಿಸಿ. ಚಿತ್ರ ಬರೆದವರಿಗೆ ಅದರಿಂದ ಒಂದು ಪೈಸೆ ಹೋಗುವುದಿಲ್ಲ.

ಚಿತ್ತಾರ:
ಇಷ್ಟೆಲ್ಲ ಮಾತಾಡಿ, ನಮ್ಮ ಹಳೇ ಚಿತ್ರದ ಎಲೆಯಾಟ ಮೈಸೂರು ಗಂಜೀಫಾ ಹೆಸರೇ ಯಾರೂ ಎತ್ತಲಿಲ್ಲ, ಕಾಜಾಣ ಅವರು ಮೈಸೂರಿನಲ್ಲೇ ಇದ್ದೂ! ದಶಾವತಾರ ಗಂಜೀಫಾದಲ್ಲಿ ಹತ್ತು ಸೂಟ್, ಒಂದೊಂದರಲ್ಲಿ ರಾಜ, ಮಂತ್ರಿ, ಒಂದರಿಂದ ಹತ್ತು. ಒಟ್ಟು 120 ದುಂಡಗಿನ ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಆಟಗಳನ್ನು ಕಟ್ಟಿದರು. ಅದರಲ್ಲಿ ಚಾಮುಂಡೇಶ್ವರಿ ಛದ ಅನ್ನುವ ಆಟಕ್ಕೆ 320 ಎಲೆ ಬೇಕು. ಕಲೆಸಲು ನಾಲ್ಕು ಜನ ಆಳು ಬೇಕೇನೋ! ಈಚಿನ ಕಾಲದಲ್ಲಿ ಗಂಜೀಫಾ ರಘುಪತಿ ಭಟ್ಟರು ಅದಕ್ಕೆ ಮತ್ತೆ ಜೀವ ಕೊಟ್ಟರು.

ಗಂಜೀಫಾ ಹಾಕಿ ಭವಿಷ್ಯ ಓದಿ ಅಂತ ನಾನು ಹೇಳುತ್ತಿಲ್ಲ. ಅದು ಆಟ, ಆಟವಾಗಿಯೇ ಇರಲಿ. ಮತ್ಸ್ಯ, ಕೂರ್ಮ ಅಂತ ಸೂಟ್ ಮಾಡಿ ಚಿತ್ರ ಬರೆದವರು ನಮ್ಮಲ್ಲೂ ಇದ್ದರು ಅಂತ ಅಷ್ಟೇ.

ಲಿಯಾನಿನ ಜೋಳದ ರೊಟ್ಟಿ:
ಆಟದ ಮಾತು ಬಂತಲ್ರಿ, ನಾನೂ ಬಂದೆ. ಫ್ರಾನ್ಸಿನಾಗ ಟ್ಯಾರೋ ಅಂದ್ರ ಜನ ಮೊದಲು ಇಸ್ಪೀಟ್ ಆಟ ಅಂತನೇ ತಿಳೀತಾರ. ನಮ್ಮ ಆಫೀಸಿನಾಗ ಊಟ ಆದಮ್ಯಾಲ ದಿನಾ ಆಡ್ತಾರ. ಅದೇ 78 ಎಲಿ. ನಾಕ ಮಂದಿಗೆ 18 ಹಂಗ ಹಂಚಿ, 6 ಎಲಿ ನಡುವ ಇಡತಾರ, ಅದಕ್ಕ 'ನಾಯಿ' ಅಂತಾರ. ಮೇಜರ್ 21 ಎಲ್ಲಾ ತುರುಪು, ಫೂಲ್ ಬ್ಯಾರೆ ಲೆಕ್ಕ. ನಮ್ಮ ಇಪ್ಪತ್ತೆಂಟು ಆಟದ ಹಂಗ ಕೂಗೋದು, ತುರುಪು ಹೊಡಿಯೋದು. ಮದಲಿಗೆ ನಾನು 'ನನಗ ಏನರ ಓದಿ ಹೇಳ್ರಿ' ಅಂದ್ರ ಎಲ್ಲಾರೂ ಬಿದ್ದು ಬಿದ್ದು ನಕ್ಕರು.

ಚಿತ್ತಾರ:
ನಗದೇ ಇನ್ನೇನು! ಮುನ್ನೂರು ವರ್ಷ ಅದು ಬರೀ ಆಟವೇ. 1781ರಲ್ಲಿ ಕೂರ್ ದ ಜೆಬೆಲಾನ್ ಅನ್ನುವ ಫ್ರೆಂಚ್ ಪಂಡಿತ ಇದು ಈಜಿಪ್ಟಿನ ಗುಪ್ತ ಜ್ಞಾನ ಅಂತ ಬರೆದ. ಆಗ ಈಜಿಪ್ಟಿನ ಲಿಪಿಯನ್ನೇ ಯಾರೂ ಓದಿರಲಿಲ್ಲ. ಅಲ್ಲಿಂದ ಹತ್ತಿಕೊಂಡಿತು ನೋಡಿ.

ಗಾಂಧಿಬಜಾರ್ ಗುಂಡ:
ಹಾಗಾದರೆ ಮೊದಲು ಆಟ, ಆಮೇಲೆ ಬುರುಡೆ. ನಾನು ಹೇಳಿದ್ದು ಇದನ್ನೇ.

ನೀಲಿ ಶಾಯಿ:
ಬುರುಡೆ ಅಂದಿರಿ, ಬಿಡಿ. ಎರಡು ದಿನದಿಂದ ಇಲ್ಲೇ ಇದ್ದೀರಲ್ಲ!

ಕಾಜಾಣ:
ನಿನ್ನೆ ತಮ್ಮ ಮತ್ತೆ ಬಂದಿದ್ದ. ಅವೇ ಮೂರು ಕಾರ್ಡ್ ಎದುರಿಗಿಟ್ಟು, ನಾನು ಏನೂ ಹೇಳದೆ, ಏನು ಕಾಣುತ್ತೆ ಅಂತ ಕೇಳಿದೆ. ಬಕ ನೋಡಿ 'ಇದು ನಾನು, ನಿಂತಲ್ಲೇ ನಿಂತಿದ್ದೀನಿ' ಅಂದ. ಕರಡಿ ನೋಡಿ 'ಇದು ನಮ್ಮ ಮ್ಯಾನೇಜರ್' ಅಂದ. ಸ್ವಲ್ಪ ಹೊತ್ತು ಬಿಟ್ಟು 'ಅಲ್ಲ, ಅಪ್ಪ' ಅಂದ. ಚಿಕ್ಕಪ್ಪನಿಗೆ ಇನ್ನೂ ವಿಷಯವೇ ಹೇಳಿಲ್ಲವಂತೆ. ಬಾಣಗಳ ಹತ್ತಕ್ಕೆ ನಾನು ಶಾಯಿ ಅಕ್ಕ ಹೇಳಿದ್ದನ್ನು ಹೇಳಿದೆ, ತಲೆಯೊಳಗೆ ಸುತ್ತಿದ್ದು ಸಾಕು ಅಂತ. ಮುಕ್ತ ವಿವಿಯಲ್ಲಿ ಕೆಲಸ ಬಿಡದೆ ಓದಬಹುದಾ ಅಂತ ವಿಚಾರಿಸುತ್ತಾನಂತೆ.

ತೆಂಕುತಿಟ್ಟು:
ಅಪ್ಪ ಅಂದನಲ್ಲ! ಕ್ಷೇತ್ರಪಾಲ ಅಂತ ನಾನು ಮೊದಲೇ ಹೇಳಿದ್ದೆ. ಮೊದಲು ಹೋಗಿ ಕೈ ಮುಗಿಯಲಿ.

ಹೊಸಪೇಟೆ ಬಿಸಿಲು:
ದೂರ ನಿಂತು ಮುಗೀಲಿ.

ಗಾಂಧಿಬಜಾರ್ ಗುಂಡ:
ಮುಕ್ತ ವಿವಿ ಅರ್ಜಿಗೆ ಕೊನೇ ದಿನ ಯಾವಾಗ ಅಂತ ನೋಡಿಕೊಳ್ಳಲು ಹೇಳಿ. ಅದು ಯಾವ ಕಾರ್ಡಿನಲ್ಲೂ ಇರುವುದಿಲ್ಲ.

ಮೆಲ್ಬರ್ನ್ ಮಾವ:
ಲಿಯಾನ್ ರೊಟ್ಟಿಯವರೇ, ವೈಲ್ಡ್‌ವುಡ್ ಡೆಕ್ಕಿನಲ್ಲಿ ನಿಮ್ಮ ಆಟ ಆಡಬಹುದಾ? ಇಲ್ಲಿ ಕನ್ನಡ ಸಂಘದ ನಾಲ್ಕು ಜನ ಸಿಗುತ್ತೇವೆ.

ಬೆಳ್ಳಕ್ಕಿ ಸಾಲು:
ಓದುವ ಡೆಕ್ಕಿನಲ್ಲಿ ಇಸ್ಪೀಟಾ! ಬೇಡ ಮಾವ, ಅಂಚೆಲ್ಲ ಸವೆದುಹೋಗುತ್ತದೆ.

ಲಿಯಾನಿನ ಜೋಳದ ರೊಟ್ಟಿ:
ಆಡಬಹುದ್ರಿ ಮಾವ, ಆದ್ರ ಕೈಯಾಗ 18 ಎಲಿ ಬೀಸಣಿಕಿ ಹಂಗ ಹಿಡಿಬೇಕು, ಆ ಸೈಜಿನಾಗ ಬೆರಳು ನೋಯ್ತಾವ. ಆಟದ ಡೆಕ್ ಬ್ಯಾರೆನ ಸಿಗತದ, ಮೂಲೆಯಾಗ ದೊಡ್ಡ ಅಂಕಿ ಇರತದ. ಲೆಕ್ಕ ಹಿಂಗ: ಒಟ್ಟು 91 ಪಾಯಿಂಟ್. ತುರುಪಿನ 1, ತುರುಪಿನ 21, ಫೂಲ್, ಈ ಮೂರೂ ಕೂಗಿದವನ ಕಡೆ ಬಂದ್ರ ಅವ 36 ಮಾಡಿದ್ರ ಗೆದ್ದಂಗ. ಎರಡು ಇದ್ರ 41, ಒಂದ ಇದ್ರ 51, ಒಂದೂ ಇಲ್ಲಂದ್ರ 56.

ಮೆಲ್ಬರ್ನ್ ಮಾವ:
ಬರೆದುಕೊಂಡೆ. ಐದನೆಯವರು ಬಂದರೆ?

ಲಿಯಾನಿನ ಜೋಳದ ರೊಟ್ಟಿ:
ತಲಾ 15 ಹಂಚ್ರಿ, ನಾಯಿಗೆ 3. ಆಗ ಕೂಗಿದವ ಒಂದು ರಾಜನ ಹೆಸರು ಹೇಳ್ತಾನ, ಆ ಎಲಿ ಯಾರ ಕಡೆ ಐತೋ ಅವ ಗುಟ್ಟಾಗಿ ಅವನ ಜೋಡಿ. ಮಸ್ತ್ ಜಗಳ ಆಗತದ, ಆಡ್ರಿ.